ಹುಳ ಹೊಕ್ಕ ಯಕೃತ್ತಿಗೆ ಮದ್ದೂ ಭಾರ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕೆಂಪಿ ಸೊರಗಿತು. ದವಡೆಯಡಿ ನೀರು ತುಂಬಿದ ಬಾವು, ಹಾಲು ಅರ್ಧಕ್ಕರ್ಧ. ಕಾಲೂ ಕುಂಟುತ್ತಿತ್ತೆಂದು, ಹಟ್ಟಿಯಲ್ಲಿ ಉಳಿದಿದ್ದ ನೋವಿನ ಮದ್ದನ್ನು ನಾನೇ ಕೊಟ್ಟೆ. ಹಿಂದೆ ಇನ್ನೊಂದು ದನಕ್ಕೆ ಕೊಟ್ಟಷ್ಟೇ ಅಳತೆ. ಅದು ಮರುದಿನವೇ ಮೇವು ಮುಟ್ಟಿತ್ತು. ಕೆಂಪಿ ಮೂರು ದಿನ ತಲೆ ಎತ್ತಲಿಲ್ಲ.

ವಾರದ ಮೇಲೆ ಬಂದ ಪಶುವೈದ್ಯರು ಸಗಣಿ ಪರೀಕ್ಷಿಸಿ, "ಲಿವರ್ ಫ್ಲೂಕ್" ಅಂದರು. "ಮದ್ದನ್ನು ಒಡೆದು ಹೊರಹಾಕೋದು ಯಕೃತ್ತು ಮಾರಾಯ್ರೆ. ಈ ಚಪ್ಪಟೆ ಹುಳದ ಮರಿಗಳು ಪಿತ್ತನಾಳ ಸೇರುವ ಮೊದಲು ವಾರಗಟ್ಟಲೆ ಅದನ್ನೇ ಕೊರೀತವೆ. ಮದ್ದು ಒಡೆಯುವ ಕಿಣ್ವಗಳು ಕಡಿಮೆ ಆಗ್ತವೆ. ಅದೇ ಅಳತೆಯ ಮದ್ದು ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲಬಹುದು."

ನನಗೆ ಚುಚ್ಚಿದ್ದು ಹಾಲಿನ ಲೆಕ್ಕ. ಮದ್ದಿನ ಮೇಲೆ ಬರೆದ 'ಇಷ್ಟು ದಿನ ಹಾಲು ಬಳಸಬೇಡಿ' ಎಂಬುದು ಆರೋಗ್ಯವಂತ ದನಕ್ಕೆ ಕಟ್ಟಿದ ಲೆಕ್ಕವಂತೆ. ನಾನೋ, ಅದು ಮುಗಿದ ಬೆಳಿಗ್ಗೆಯೇ ಸೊಸೈಟಿಗೆ ಅಳೆದಿದ್ದೆ! ನೆರೆಮನೆಯ ಮಗುವಿಗೂ ಒಂದು ಕುಡ್ತೆ.

ಫ್ಲೂಕಿನ ಮದ್ದಲ್ಲೂ ಭೇದವಿದೆ. ಆಕ್ಸಿಕ್ಲೋಜನೈಡ್ ಬೆಳೆದ ಹುಳಕ್ಕೆ ಮಾತ್ರ. ಟ್ರೈಕ್ಲಾಬೆಂಡಜೋಲ್ ಮರಿಗಳನ್ನೂ ಕೊಲ್ಲುತ್ತದೆ, ಆದರೆ ಹಾಲಿನಲ್ಲಿ ಬಹುದಿನ ಉಳಿಯುತ್ತದೆಂದು ಕರೆಯುವ ದನಕ್ಕೆ ವೈದ್ಯರು ಒಪ್ಪಲಿಲ್ಲ.

ಹುಳ ಬರುವುದು ನೀರಿನ ಬಸವನಹುಳುವಿನ ಮೂಲಕ, ಹುಲ್ಲಿಗಂಟಿ. ತೋಡಿನಂಚಿನ ಹಸಿಹುಲ್ಲು ನಿಲ್ಲಿಸಿದ್ದೇವೆ. ಹಟ್ಟಿಯ ಮದ್ದಿನ ಹಲಗೆಯೂ ಈಗ ಖಾಲಿ.