ಎಂಜಿನ್‌ಎಕ್ಸ್ ಹೊಟ್ಟೆಯೊಳಗೆ ಏನೇನಿದೆ?

ರಷ್ಯಾದ ಇಗೊರ್ ಸಿಸೊಯೆವ್ 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ ವೆಬ್ ಸರ್ವರನ್ನು ಸೋರ್ಸ್ ಕೋಡ್‌ನಿಂದಲೇ ಕಂಪೈಲ್ ಮಾಡಿಕೊಳ್ಳಬಹುದು. ಹೆಜ್ಜೆ ಮೂರೇ: ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್. ಮುಖ್ಯ ತೀರ್ಮಾನಗಳೆಲ್ಲ ಮೊದಲ ಹೆಜ್ಜೆಯಲ್ಲೇ ಆಗಿಬಿಡುತ್ತವೆ.

ಜಿಜಿಪ್, ಪ್ರಾಕ್ಸಿ, ರೀರೈಟ್ ಮಾಡ್ಯೂಲ್‌ಗಳು ಕೇಳದಿದ್ದರೂ ಒಳಗೆ ಸೇರುತ್ತವೆ. ಬೇಡವಾದರೆ ‘ವಿತೌಟ್’ ಎಂದು ಹೇಳಿ ಬಿಡಿಸಬೇಕು. ಅಚ್ಚರಿಯೆಂದರೆ, ಇಂದು ಸೈಟುಗಳಿಗೆ ಅನಿವಾರ್ಯವಾದ ಎಚ್‌ಟಿಟಿಪಿಎಸ್ ತಾನಾಗಿ ಬರುವುದಿಲ್ಲ. ಎಸ್‌ಎಸ್‌ಎಲ್ ಮಾಡ್ಯೂಲನ್ನು ‘ವಿತ್’ ಎಂದು ಕೇಳಿಯೇ ಪಡೆಯಬೇಕು. ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯೂ ಬೇಕು. ಮಾಡ್ಯೂಲನ್ನು ಕೇಳಲು ಮರೆತರೆ, ಕಾನ್ಫಿಗ್ ಫೈಲಿನಲ್ಲಿ ಎಸ್‌ಎಸ್‌ಎಲ್ ಸರ್ಟಿಫಿಕೇಟಿನ ಸಾಲು ಕಂಡೊಡನೆ ಸರ್ವರ್ ಎರರ್ ತೋರಿಸಿ, ಶುರುವಾಗುವುದೇ ಇಲ್ಲ.

ಕಂಪೈಲ್ ಆಗಿರುವ ಸರ್ವರಿನ ಹೂರಣ ತಿಳಿಯಲು ಎಂಜಿನ್‌ಎಕ್ಸ್ ಎಂದು ಬರೆದು, ಅಡ್ಡಗೆರೆ ಹಾಕಿ, ಕ್ಯಾಪಿಟಲ್ ವಿ ಕೊಟ್ಟರೆ ಸಾಕು. ಕಾನ್ಫಿಗರ್ ಮಾಡುವಾಗ ಕೊಟ್ಟ ಆಯ್ಕೆಗಳೆಲ್ಲ ಪರದೆಗೆ ಬರುತ್ತವೆ. ಸ್ಮಾಲ್ ವಿ ಆವೃತ್ತಿಯನ್ನಷ್ಟೇ ಹೇಳುತ್ತದೆ.