ಕಂಗೆಮಿಯಲ್ಲಿ ಕೇಳಿದ ಮಾತು

2015ರ ನವೆಂಬರ್ 27ರಂದು ಪೋಪ್ ಫ್ರಾನ್ಸಿಸ್ ಅವರು ಕೀನ್ಯಾದ ರಾಜಧಾನಿ ನೈರೋಬಿಯ ಕಂಗೆಮಿ ಎಂಬ ಕೊಳೆಗೇರಿಗೆ ಆಗಮಿಸಿದರು. ಯೇಸುಸಭೆಯ ಗುರುಗಳು ನಡೆಸುವ ಕಾರ್ಮಿಕ ಸಂತ ಜೋಸೆಫರ ದೇವಾಲಯದಲ್ಲಿ ಅಂದು ಅವರು ಆಡಿದ್ದು ನೀರು, ಚರಂಡಿ, ಭೂಮಿಗಳ ಮಾತು. ಮಕ್ಕಳ ಶಾಲೆಯ ಆಟದ ಮೈದಾನವನ್ನೂ ಬಿಡದೆ ಕಬಳಿಸಲು ಹೊರಟವರನ್ನು ಅವರು ನೇರವಾಗಿ ಖಂಡಿಸಿದರು. ಪೌರಾಡಳಿತದ ವಿಷಯ ಜಗದ್ಗುರುಗಳಿಗೇಕೆ ಎಂದು ಕೆಲವರು ಕೇಳಿಯಾರು. ಆ ನಗರದ ಚರಿತ್ರೆಯನ್ನು ಬಲ್ಲವರು ಹಾಗೆ ಕೇಳಲಾರರು.

ನೈರೋಬಿ 1899ರಲ್ಲಿ ರೈಲ್ವೆ ಡಿಪೋ ಆಗಿ ಹುಟ್ಟಿದ ಊರು. ಎತ್ತರದ ಪಶ್ಚಿಮ ಭಾಗ ಬಿಳಿಯರಿಗೆ, ಪೂರ್ವದ ಬಯಲು ಆಫ್ರಿಕನ್ನರಿಗೆ ಎಂದು ವಸಾಹತು ಆಡಳಿತ ವಿಂಗಡಿಸಿತ್ತು. ಆಫ್ರಿಕನ್ನರು ದುಡಿದು ಮರಳುವವರೇ ಹೊರತು ಕುಟುಂಬಸಮೇತ ನೆಲೆಸುವವರಲ್ಲ ಎಂಬುದು ಅದರ ಎಣಿಕೆ. 1963ರಲ್ಲಿ ಸ್ವಾತಂತ್ರ್ಯ ಬಂದ ಬಳಿಕ ಹಳ್ಳಿಗಳಿಂದ ಜನ ಹರಿದುಬಂದರು. ಅವರಿಗೆ ನಿವೇಶನ ಒದಗಿಸಲಾರದ ಆಡಳಿತ, ಅವರೇ ಕಟ್ಟಿಕೊಂಡ ತಗಡಿನ ಮನೆಗಳನ್ನು ಮಾತ್ರ ಅಕ್ರಮವೆಂದು ಕರೆಯಿತು. ಅಕ್ರಮವೆಂದ ಮೇಲೆ ನೀರಿನ ಕೊಳವೆಯೂ ಇಲ್ಲ, ಚರಂಡಿಯೂ ಇಲ್ಲ. ಹೀಗಾಗಿ ಬಡವರು ಕ್ಯಾನಿನ ಲೆಕ್ಕದಲ್ಲಿ ಕೊಳ್ಳುವ ನೀರು ಬಂಗಲೆಯ ನಲ್ಲಿಯ ನೀರಿಗಿಂತ ದುಬಾರಿಯಾಯಿತು.

ಇಲ್ಲಿ ಪಿಯೋ ಗಾಮಾ ಪಿಂಟೊ ಅವರನ್ನು ನಾವು ನೆನೆಯದಿರಲಾರೆವು. ನೈರೋಬಿಯಲ್ಲಿ ಗೋವೆಯ ಮನೆತನದಲ್ಲಿ ಜನಿಸಿ, ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು ಅವರು. ಬಿಳಿಯರ ಭೂಮಿ ಹೊಸ ಧನಿಕರ ಪಾಲಾಗಬಾರದೆಂದು ವಾದಿಸುತ್ತಿದ್ದ ಈ ಸಂಸತ್ ಸದಸ್ಯರನ್ನು 1965ರ ಫೆಬ್ರವರಿ 24ರಂದು ಅವರ ಮನೆಯಂಗಳದಲ್ಲೇ ಗುಂಡಿಟ್ಟು ಕೊಲ್ಲಲಾಯಿತು.

ಕೀನ್ಯಾದ 2010ರ ಸಂವಿಧಾನದ 43ನೇ ವಿಧಿಯು ವಸತಿ, ಶುದ್ಧ ನೀರು, ನೈರ್ಮಲ್ಯಗಳನ್ನು ಹಕ್ಕೆಂದು ಸಾರಿದೆ. 2017ರಲ್ಲಿ ನೈರೋಬಿ ಕೌಂಟಿ ಆಡಳಿತವು ಮುಕುರು ಕೊಳೆಗೇರಿಯನ್ನು ವಿಶೇಷ ಯೋಜನಾ ಪ್ರದೇಶವೆಂದು ಘೋಷಿಸಿತು. ರಸ್ತೆ ಎಲ್ಲಿ ಹಾಯಬೇಕು, ಚರಂಡಿ ಎಲ್ಲಿ ತಿರುಗಬೇಕು ಎಂಬುದನ್ನು ನಿವಾಸಿಗಳೊಡನೆ ಕುಳಿತು ನಿರ್ಧರಿಸುವ ಕ್ರಮವಿದು. ಕಾಗದದ ಮೇಲಿನ ಹಕ್ಕಿಗಿಂತ ಇದು ನಮಗೆ ಹಿರಿದಾಗಿ ಕಾಣುತ್ತದೆ.

ಆದರೂ ಹಳೆಯ ಚಾಳಿ ಬಿಟ್ಟುಹೋಗಿಲ್ಲ. 2024ರ ಏಪ್ರಿಲ್, ಮೇ ತಿಂಗಳ ಪ್ರವಾಹದ ಬೆನ್ನಲ್ಲೇ ನದಿ ದಂಡೆಯ ಮನೆಗಳನ್ನು ತೆರವು ಮಾಡುವಂತೆ ಸರಕಾರ ಆಜ್ಞಾಪಿಸಿತು. ಮಥಾರೆ, ಮುಕುರುಗಳಲ್ಲಿ ಬುಲ್ಡೋಜರುಗಳು ಹರಿದವು. ದಂಡೆಯ ವಾಸ ಅಪಾಯಕರವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ನೆರೆಯಲ್ಲಿ ಪಾತ್ರೆಪಗಡಿ ಕಳೆದುಕೊಂಡವರು ಈಗ ಸೂರನ್ನೂ ಕಳೆದುಕೊಂಡರು. ಬೇರೆಡೆ ನೆಲೆ ಹುಡುಕಿಕೊಳ್ಳಲು ಕುಟುಂಬವೊಂದಕ್ಕೆ ಸರಕಾರ ಘೋಷಿಸಿದ್ದು 10,000 ಶಿಲಿಂಗ್.