ಅಂಗಳಕ್ಕೊಂದು ಹೂಮರ

ಬೇಸಗೆಯ ನಡುಹಗಲಿನಲ್ಲಿ ಯಾದಗಿರಿಯ ಕೋಟೆಬೆಟ್ಟ ಕಾದ ಹಂಚಿನಂತಾಗುತ್ತದೆ. ಶಹಾಪುರದ ಬಂಡೆಗಳ, ಸುರಪುರದ ಗುಡ್ಡಗಳ ಪಾಡೂ ಅದೇ. ಇಂಥ ಸೀಮೆಯಲ್ಲಿ ಹೊಸಮನೆ ಕಟ್ಟಿಸಿದವರಿಗೆ ಅಂಗಳದಲ್ಲೊಂದು ಅಂದದ ಮರವಿರಲೆಂಬ ಆಸೆ ಸಹಜವೇ. ಆದರೆ ಯಾವ ಮರ?

ವಿಲಾಯಿತಿಯ ಉದ್ಯಾನಗಳ ಚಿತ್ರಗಳಲ್ಲಿ ಹಾಥಾರ್ನ್ ಎಂಬ ಮರ ಕಣ್ಸೆಳೆಯುತ್ತದೆ. ಗುಲಾಬಿಯ ಕುಲಕ್ಕೆ ಸೇರಿದ ಈ ಮುಳ್ಳುಮರ ಮೇ ತಿಂಗಳಲ್ಲಿ ಮೈತುಂಬ ಬಿಳಿಯ ಹೂ ತಳೆಯುತ್ತದೆ. ಶರತ್ಕಾಲದಲ್ಲಿ ಕೆಂಪು ಹಣ್ಣು ಬಿಡುತ್ತದೆ. ಇಂಗ್ಲೆಂಡಿನ ಹೊಲಗಳಿಗೆ ಅದೇ ಬೇಲಿ. ಜನ ಅದನ್ನು ‘ಮೇ’ ಎಂದೇ ಕರೆಯುವುದೂ ಉಂಟು. ಬಾಲರಾಜ ವೆಂಕಟಪ್ಪ ನಾಯಕರ ಕಾಲದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡು, 1853ರವರೆಗೆ ಅಲ್ಲಿದ್ದ ಮೆಡೋಸ್ ಟೇಲರ್ ಹುಟ್ಟಿದ್ದು ಆ ನಾಡಿನ ಲಿವರ್‌ಪೂಲಿನಲ್ಲಿ. ಅವನ ಬಂಗಲೆ ‘ಟೇಲರ್ ಮಂಜಿಲ್’ ಇಂದಿಗೂ ಸುರಪುರದ ಗುಡ್ಡದ ಮೇಲಿದೆ. ಸಾಹೇಬನೇನೋ ಇಲ್ಲಿ ಬಾಳಿದ. ಅವನ ನಾಡಿನ ಮರ ಬಾಳುವುದು ಕಷ್ಟ. ದೀರ್ಘವಾದ ಚಳಿಯನ್ನುಂಡ ಮೇಲೆಯೇ ಅದರ ಮೊಗ್ಗು ಎಚ್ಚರಗೊಳ್ಳುವುದು. ಉಷ್ಣಮಾನ 40 ಡಿಗ್ರಿ ದಾಟುವ ಈ ಬಯಲಿನಲ್ಲಿ ಅಂಥ ಚಳಿಯೆಲ್ಲಿ?

ಅದೇ ಮೇ ತಿಂಗಳಲ್ಲಿ ಅರಳುವ ಮರವೊಂದು ನಮ್ಮಲ್ಲಿಯೇ ಇದೆ: ಕಕ್ಕೆ. ಸಂಸ್ಕೃತದಲ್ಲಿ ಆರಗ್ವಧ. ಎಲೆಯುದುರಿದ ಕೊಂಬೆಗಳಿಂದ ಅಡಿಯುದ್ದದ ಹಳದಿ ಗೊಂಚಲುಗಳು ದೀಪಮಾಲೆಯಂತೆ ಇಳಿಬೀಳುತ್ತವೆ. ಆಡು ದನಗಳು ಇದರ ಎಲೆಗೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಬೇಲಿ ಗಟ್ಟಿಯಿಲ್ಲದ ಅಂಗಳಗಳಿಗೆ ಇದು ಸಣ್ಣ ಅನುಕೂಲವಲ್ಲ. ಕೋಲಿನಂತೆ ತೂಗುವ ಕರಿಯ ಕಾಯಿಯ ತಿರುಳು ಆಯುರ್ವೇದದಲ್ಲಿ ವಿರೇಚಕ. ಆದ್ದರಿಂದ ಮಕ್ಕಳು ಅದನ್ನು ಬಾಯಿಗಿಡದಂತೆ ನೋಡಿಕೊಳ್ಳಬೇಕು.

ಬೀಜದ ಸಿಪ್ಪೆ ಬಲು ಗಡುಸು. ಕುದಿಯುವ ನೀರಿನಲ್ಲಿ ಐದು ನಿಮಿಷವಿಟ್ಟು ಬಿತ್ತಿದರೆ ಬೇಗ ಮೊಳೆಯುತ್ತದೆ. ಮುಂಗಾರು ಹಿಡಿದೊಡನೆ ಎರಡಡಿಯ ಗುಂಡಿ ತೋಡಿ, ಕೆಮ್ಮಣ್ಣು ಹಾಗೂ ಕೊಟ್ಟಿಗೆಗೊಬ್ಬರ ತುಂಬಿ ಸಸಿ ನೆಡಬೇಕು. ಶಹಾಪುರ, ಸುರಪುರಗಳ ಎರೆಭೂಮಿಯಲ್ಲಿ ಮಳೆಯ ನೀರು ನಿಲ್ಲುವುದುಂಟು. ನಿಂತ ನೀರು ಕಕ್ಕೆಗೆ ಆಗದು. ಅಲ್ಲಿ ಮಣ್ಣನ್ನು ದಿಬ್ಬದಂತೆ ಏರಿಸಿ ನೆಡುವುದು ಲೇಸು. ಮೊದಲ ಎರಡು ಬೇಸಗೆ ನೀರುಣಿಸಿ, ಬುಡಕ್ಕೆ ಒಣಹುಲ್ಲು ಹೊದಿಸಿದರೆ ಮುಂದೆ ತಾನೇ ಚೇತರಿಸಿಕೊಳ್ಳುತ್ತದೆ.

ಒಂದು ಕೊರತೆಯನ್ನು ಮಾತ್ರ ಮರೆಯಬಾರದು. ನೆರಳು ಬೇಕಾದಾಗಲೇ ಕಕ್ಕೆ ಬೋಳಾಗಿರುತ್ತದೆ. ಆದ್ದರಿಂದ ಮನೆಯ ಪಡುವಣಕ್ಕೆ ಹೊಂಗೆಯನ್ನೋ ಬೇವನ್ನೋ ನೆಟ್ಟು, ಕಕ್ಕೆಯನ್ನು ಮುಂಬಾಗಿಲಿಗೆ ನೇರವಾಗಿ ನಿಲ್ಲಿಸುವುದು ಜಾಣತನ. ಹೂವಿಗಾಗಿ ಕೆಲವು ವರ್ಷ ಕಾಯಬೇಕು. ಇಂದು ಸಸಿಗೆ ತಂಬಿಗೆಯಲ್ಲಿ ನೀರೆರೆಯುವ ಮಗು ಅಷ್ಟರಲ್ಲಿ ಮರದಷ್ಟಲ್ಲದಿದ್ದರೂ ಎದೆಯುದ್ದ ಬೆಳೆದಿರುತ್ತದೆ. ಮೊದಲ ಗೊಂಚಲನ್ನು ಕಂಡು ಕೂಗಿ ಕರೆಯುವುದೂ ಅದೇ.